ದಣಿದ ದನಿಯನ್ನು ಕೇಳುವುದು ಹೇಗೆ?

ಕೆಲವು ಕೃತಿಗಳಿಗೆ ಹುಟ್ಟುತ್ತಲೇ ಒಂದು ಅಡ್ಡಹೆಸರು ಅಂಟಿಕೊಳ್ಳುತ್ತದೆ. ಆಮೇಲೆ ಅವುಗಳ ನಿಜವಾದ ಹೆಸರನ್ನು ಹಿಡಿದು ಕರೆಯುವವರೇ ಇರುವುದಿಲ್ಲ. 1964ರ ಡಿಸೆಂಬರ್ 4ರಂದು ಇಂಗ್ಲೆಂಡಿನಲ್ಲಿ ಬಿಡುಗಡೆಯಾದ 'ಬೀಟಲ್ಸ್ ಫಾರ್ ಸೇಲ್' ಅಂಥದ್ದು. ಇದು ಬೀಟಲ್ಸ್ ತಂಡದ ನಾಲ್ಕನೆಯ ಆಲ್ಬಮ್. ತಂಡದ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಇದರ ಹತ್ತಿರ ಬಂದಾಗ ಎರಡು ಮಾತು ಹೇಳಿ ಮುಂದಕ್ಕೆ ನಡೆಯುತ್ತಾರೆ: ಇದು ಅವಸರದಲ್ಲಿ ಮಾಡಿದ್ದು, ಇದು ದಣಿದವರು ಮಾಡಿದ್ದು. ಇದನ್ನು ಇಷ್ಟಪಡುವವರು ಅದಕ್ಕೊಂದು ಮೂರನೆಯ ಮಾತು ಸೇರಿಸುತ್ತಾರೆ: ದಣಿದಿದ್ದರಿಂದಲೇ ಇದು ಪ್ರಾಮಾಣಿಕ, ನಗುಮುಖದ ಹುಡುಗರು ಇಲ್ಲಿ ಮೊದಲ ಸಲ ಮುಖವಾಡ ಕಳಚಿದರು.

ಮೊದಲ ಎರಡು ಮಾತುಗಳಿಗಿಂತ ಈ ಮೂರನೆಯದು ನನ್ನನ್ನು ಹೆಚ್ಚು ಕಾಡುತ್ತದೆ. ಅದು ಹೊಗಳಿಕೆಯಂತೆ ಕಾಣುತ್ತದೆ. ಆದರೆ ಅದರೊಳಗೆ ಒಂದು ನೈತಿಕ ಪ್ರಶ್ನೆ ಅಡಗಿ ಕೂತಿದೆ. ಇನ್ನೊಬ್ಬರ ದಣಿವು ನಮಗೆ ಚೆಂದ ಕಾಣಿಸಿದರೆ, ಆ ಚೆಂದಕ್ಕೆ ನಾವು ಯಾರಿಗೆ ಋಣಿಗಳು? ದಣಿದವರಿಗೋ, ದಣಿಸಿದವರಿಗೋ?

ನಾನಿರುವುದು ಆಲೂರು ತಾಲ್ಲೂಕಿನ ಮಗ್ಗೆಯ ಕಡೆ. ಇಲ್ಲಿಂದ ಬಾಳ್ಳುಪೇಟೆ ದಾಟಿದರೆ ಸಕಲೇಶಪುರದ ಗುಡ್ಡಗಳು ಶುರುವಾಗುತ್ತವೆ. ನವೆಂಬರಿನಿಂದ ಮಾರ್ಚ್‌ವರೆಗೆ ಈ ಸೀಮೆಯಲ್ಲಿ ಕಾಫಿ ಕೊಯ್ಲು. ಮೊದಲು ಅರೇಬಿಕಾ, ಅದು ಮುಗಿಯುವ ಹೊತ್ತಿಗೆ ರೋಬಸ್ಟಾ. ಆ ತಿಂಗಳುಗಳಲ್ಲಿ ಇಲ್ಲಿ ದಣಿಯದವರು ಸಿಗುವುದು ಕಷ್ಟ. ಬೀಟಲ್ಸಿಗೂ ಈ ಗುಡ್ಡಗಳಿಗೂ ಯಾವ ಸಂಬಂಧವೂ ಇಲ್ಲ. ಆದರೆ ಅವಸರ, ದಣಿವು, ಮಾರಾಟ ಎಂಬ ಮೂರು ಪದಗಳು ಸೇರಿದಾಗ ಏನಾಗುತ್ತದೆ ಎಂಬುದು ಇಲ್ಲಿನವರಿಗೆ ಚೆನ್ನಾಗಿ ಗೊತ್ತು. ಆ ಕಿವಿಯಿಂದಲೇ ನಾನು ಈ ಆಲ್ಬಮನ್ನು ಕೇಳುತ್ತ ಬಂದಿದ್ದೇನೆ.

ಮೊದಲು ಆ ವರ್ಷದ ಲೆಕ್ಕ ನೋಡೋಣ. 1964ರ ಜನವರಿಯಲ್ಲಿ ತಂಡ ಪ್ಯಾರಿಸ್ಸಿನಲ್ಲಿತ್ತು. ಫೆಬ್ರವರಿ 9ರಂದು ಅಮೆರಿಕದ ಎಡ್ ಸಲಿವನ್ ಟಿವಿ ಕಾರ್ಯಕ್ರಮದಲ್ಲಿ ಹಾಡಿ ಇಡೀ ದೇಶವನ್ನೇ ಮರುಳು ಮಾಡಿತು. ಮಾರ್ಚ್, ಏಪ್ರಿಲ್‌ನಲ್ಲಿ ಸಿನಿಮಾ ಚಿತ್ರೀಕರಣ. ಜೂನಿನಲ್ಲಿ ಡೆನ್ಮಾರ್ಕ್, ನೆದರ್‌ಲ್ಯಾಂಡ್ಸ್, ಹಾಂಗ್‌ಕಾಂಗ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪ್ರವಾಸ. ರಿಂಗೋ ಸ್ಟಾರ್ ಗಂಟಲು ಬೇನೆಯಿಂದ ಆಸ್ಪತ್ರೆ ಸೇರಿದಾಗಲೂ ಪ್ರವಾಸ ನಿಲ್ಲಲಿಲ್ಲ, ಜಿಮ್ಮಿ ನಿಕೋಲ್ ಎಂಬ ಬದಲಿ ಡ್ರಮ್ಮರನನ್ನು ಕರೆದುಕೊಂಡು ಹೊರಟರು. ಜುಲೈ 10ಕ್ಕೆ 'ಎ ಹಾರ್ಡ್ ಡೇಸ್ ನೈಟ್' ಆಲ್ಬಮ್ ಬಂತು. ಸುಮಾರು ಒಂದು ತಿಂಗಳು ಕಳೆದು, ಆಗಸ್ಟ್ 11ರಂದು ಲಂಡನ್ನಿನ ಅಬೆ ರೋಡಿನ ಇಎಮ್‌ಐ ಸ್ಟುಡಿಯೋದಲ್ಲಿ ಮುಂದಿನ ಆಲ್ಬಮ್ಮಿನ ಕೆಲಸ ಶುರುವಾಯಿತು. ಆಗಸ್ಟ್ 19ರಿಂದ ಸೆಪ್ಟೆಂಬರ್ 20ರವರೆಗೆ ಮತ್ತೆ ಅಮೆರಿಕ, ಇಪ್ಪತ್ತಕ್ಕೂ ಹೆಚ್ಚು ಊರುಗಳು. ಅಕ್ಟೋಬರ್ 9ರಿಂದ ಬ್ರಿಟನ್ ಪ್ರವಾಸ. ಅಂದು ಜಾನ್ ಲೆನನ್‌ಗೆ 24 ತುಂಬಿದ ದಿನ. ಜಾರ್ಜ್ ಹ್ಯಾರಿಸನ್‌ಗಿನ್ನೂ 21.

ಈ ಓಡಾಟದ ಸಂದುಗಳಲ್ಲಿ ಸಿಕ್ಕ ದಿನಗಳಲ್ಲೇ ಆಲ್ಬಮ್ ತಯಾರಾಗಬೇಕಿತ್ತು, ಏಕೆಂದರೆ ಕ್ರಿಸ್‌ಮಸ್ ವ್ಯಾಪಾರದ ಹೊತ್ತಿಗೆ ಅದು ಅಂಗಡಿಯಲ್ಲಿರಬೇಕಿತ್ತು. ಅವರ ನಿರ್ಮಾಪಕ ಜಾರ್ಜ್ ಮಾರ್ಟಿನ್ ಮುಂದೆ ಆ ದಿನಗಳನ್ನು ನೆನೆದಾಗ, ಯುದ್ಧದಲ್ಲಿ ಬಳಲಿದವರಂತೆ ಇದ್ದರು ಎಂಬರ್ಥದ ಮಾತು ಹೇಳಿದ್ದಾರೆ. ಅದನ್ನು ನಂಬಲು ಹಾಡು ಕೇಳಬೇಕೆಂದೇನೂ ಇಲ್ಲ, ರಕ್ಷಾಪುಟ ನೋಡಿದರೆ ಸಾಕು. ರಾಬರ್ಟ್ ಫ್ರೀಮನ್ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಎಲೆ ಉದುರುವ ಕಾಲದ ಒಂದು ಇಳಿಹೊತ್ತಿನಲ್ಲಿ ತೆಗೆದ ಫೋಟೋ. ನಾಲ್ಕು ಮುಖ, ಒಂದರಲ್ಲೂ ನಗುವಿಲ್ಲ. ಅದರ ಮೇಲೆ 'ಮಾರಾಟಕ್ಕಿದೆ' ಎಂಬ ಹೆಸರು. ಸಂತೆಯಲ್ಲಿ ಕಟ್ಟಿದ ಹಗ್ಗ ಹಿಡಿದು ನಿಂತವನ ಮುಖವೂ ಇದಕ್ಕಿಂತ ಗೆಲುವಾಗಿರುತ್ತದೆ.

ಈ ಆಲ್ಬಮ್ಮಿನ ಮೇಲಿರುವ ಮುಖ್ಯ ದೂರು ಏನೆಂದರೆ, 14 ಹಾಡುಗಳಲ್ಲಿ 6 ಬೇರೆಯವರ ಹಾಡುಗಳು. ಹೊಸತು ಬರೆಯಲು ಪುರುಸೊತ್ತಿಲ್ಲದೆ ಹಳೆಯದನ್ನು ತುಂಬಿ ಲೆಕ್ಕ ಸರಿಮಾಡಿದರು ಎಂಬುದು ಆರೋಪ. ಆದರೆ 1963ರಲ್ಲಿ ಬಂದ ಅವರ ಮೊದಲ ಎರಡು ಆಲ್ಬಮ್‌ಗಳಲ್ಲೂ 14 ಹಾಡು, ಅವುಗಳಲ್ಲೂ 6 ಬೇರೆಯವರವು. ಆಗ ಯಾರಿಗೂ ಅದು ಬಳಲಿಕೆಯ ಗುರುತಾಗಿ ಕಾಣಲಿಲ್ಲ. ನಡುವೆ ಬಂದ 'ಎ ಹಾರ್ಡ್ ಡೇಸ್ ನೈಟ್'ನ 13 ಹಾಡುಗಳೂ ಲೆನನ್ ಮತ್ತು ಪಾಲ್ ಮೆಕಾರ್ಟ್ನಿ ಬರೆದವೇ ಆಗಿದ್ದವು. ಒಂದು ವರ್ಷ ಮಳೆ ಬೆಳೆ ಎರಡೂ ಕೂಡಿಬಂದು ಗಿಡ ಬಾಗುವಷ್ಟು ಫಸಲಾದರೆ, ಮರುವರ್ಷದ ಸಾಧಾರಣ ಫಸಲೂ ಸೋಲಿನಂತೆ ಕಾಣುತ್ತದೆ. ಅರೇಬಿಕಾ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ವರ್ಷ ತುಂಬಿ ಕೊಟ್ಟ ಗಿಡ ಮರುವರ್ಷ ಸುಧಾರಿಸಿಕೊಳ್ಳುವುದು ಗಿಡದ ಸ್ವಭಾವ. ನಾವು ಗಿಡವನ್ನು ದೂರುವುದಿಲ್ಲ. ಮನುಷ್ಯರನ್ನು ಮಾತ್ರ ದೂರುತ್ತೇವೆ.

ಇನ್ನು 'ಅವಸರ' ಮತ್ತು 'ವಿಷಾದ' ಎಂಬ ಎರಡು ಪದಗಳಿಗೆ ಬರೋಣ. ಈ ಎರಡನ್ನೂ ಯಾವಾಗಲೂ ಜೋಡಿಯಾಗಿಯೇ ಹೇಳುತ್ತಾರೆ, ಅವಸರ ಹೆಚ್ಚಾಯಿತು, ಆದ್ದರಿಂದ ವಿಷಾದ ಹೊರಬಂತು ಎನ್ನುವಂತೆ. ಧ್ವನಿಮುದ್ರಣದ ತಾರೀಖುಗಳನ್ನು ಎದುರಿಗಿಟ್ಟುಕೊಂಡರೆ ಬೇರೆಯದೇ ಚಿತ್ರ ಕಾಣುತ್ತದೆ.

ಆಲ್ಬಮ್ ತೆರೆದುಕೊಳ್ಳುವುದೇ ಮೂರು ದುಃಖದ ಹಾಡುಗಳಿಂದ. 'ನೋ ರಿಪ್ಲೈ'ನಲ್ಲಿ ಹುಡುಗಿಯ ಮನೆ ಬಾಗಿಲಲ್ಲಿ ನಿಂತು ಉತ್ತರ ಸಿಗದೆ ಮರಳುವವನೊಬ್ಬ. 'ಐ ಆಮ್ ಎ ಲೂಸರ್'ನಲ್ಲಿ ನಗುವಿನ ಹಿಂದೆ ಸೋಲನ್ನು ಮುಚ್ಚಿಟ್ಟುಕೊಂಡವನೊಬ್ಬ. 'ಬೇಬೀಸ್ ಇನ್ ಬ್ಲ್ಯಾಕ್'ನಲ್ಲಿ, ಕಳೆದುಹೋದ ಇನ್ಯಾರಿಗೋ ಕಪ್ಪುಡುಗೆ ತೊಟ್ಟು ಶೋಕಿಸುವವಳನ್ನು ಬಯಸುವವನೊಬ್ಬ. ಆ ಕಾಲದ ಕುಣಿತದ ಹಾಡುಗಳ ನಡುವೆ ಇದು ತೂಗುವ ನಡೆಯಲ್ಲಿ, ಕಾಲೆಳೆದುಕೊಂಡು ನಡೆದ ಹಾಗೆ ಸಾಗುತ್ತದೆ. ಈ ಮೂರನ್ನೂ ಅವಸರದಲ್ಲಿ ಮಾಡಿ ಮುಗಿಸಲಿಲ್ಲ. 'ಬೇಬೀಸ್ ಇನ್ ಬ್ಲ್ಯಾಕ್' ಮೊದಲ ದಿನವೇ, ಆಗಸ್ಟ್ 11ರಂದು, 14 ಟೇಕ್‌ಗಳಲ್ಲಿ ಆದದ್ದು. 'ಐ ಆಮ್ ಎ ಲೂಸರ್' ಆಗಸ್ಟ್ 14ರಂದು 8 ಟೇಕ್. 'ನೋ ರಿಪ್ಲೈ' ಸೆಪ್ಟೆಂಬರ್ 30ರಂದು 8 ಟೇಕ್.

ನಿಜವಾದ ಅವಸರದ ದಿನವೆಂದರೆ ಅಕ್ಟೋಬರ್ 18, ಭಾನುವಾರ. ಬ್ರಿಟನ್ ಪ್ರವಾಸದ ನಡುವೆ ಸಿಕ್ಕ ಬಿಡುವಿನ ದಿನ. ಅಂದು ಒಂದೇ ದಿನದಲ್ಲಿ ಏಳು ಹಾಡುಗಳನ್ನು ಮುದ್ರಿಸಿದರು, 'ಎಯ್ಟ್ ಡೇಸ್ ಎ ವೀಕ್'ನ ಉಳಿಕೆ ಕೆಲಸವನ್ನೂ ಮುಗಿಸಿದರು. ಆ ಏಳರಲ್ಲಿ ಒಂದು, 'ಐ ಫೀಲ್ ಫೈನ್', ಬಿಡಿಯಾಗಿ ಬಿಡುಗಡೆಯಾಗಬೇಕಿದ್ದದ್ದು. ಉಳಿದವುಗಳಲ್ಲಿ ಹೆಚ್ಚಿನವು ಬೇರೆಯವರ ಹಾಡುಗಳು: ಚಕ್ ಬೆರಿಯ 'ರಾಕ್ ಅಂಡ್ ರೋಲ್ ಮ್ಯೂಸಿಕ್', ಲಿಟಲ್ ರಿಚರ್ಡ್ ಹಾಡುತ್ತಿದ್ದ 'ಕಾನ್ಸಾಸ್ ಸಿಟಿ', ಕಾರ್ಲ್ ಪರ್ಕಿನ್ಸ್, ಬಡಿ ಹಾಲಿಯರ ಹಾಡುಗಳು. ಕೆಲವು ಒಂದೇ ಟೇಕ್‌ನಲ್ಲಿ ಮುಗಿದವು. ಅವಸರದಲ್ಲಿ ಆದ ಈ ಹಾಡುಗಳಲ್ಲಿ ಹೆಚ್ಚಿನವು ಉಲ್ಲಾಸದ ಹಾಡುಗಳೇ.

ಅಂದರೆ ಅವಸರ ಒಂದು ಕಡೆ ಇದೆ, ವಿಷಾದ ಇನ್ನೊಂದು ಕಡೆ ಇದೆ. ಸಮಯ ಇಲ್ಲದವರು, ಇದ್ದ ಅಷ್ಟಿಷ್ಟು ಸಮಯವನ್ನು ತಮ್ಮ ದುಃಖದ ಹಾಡುಗಳಿಗೆ ಕೊಟ್ಟರು. ದಣಿವು ಅವರಿಗೆ ವಸ್ತುವನ್ನು ಕೊಟ್ಟಿರಬಹುದು. ಆದರೆ ಅದನ್ನು ಹಾಡಾಗಿಸಿದ್ದು ದಣಿವಲ್ಲ, ಹದಿನಾಲ್ಕನೆಯ ಸಲವೂ ಮತ್ತೆ ಮೊದಲಿನಿಂದ ಶುರುಮಾಡುವ ತಾಳ್ಮೆ. 'ದಣಿದಿದ್ದರಿಂದ ಪ್ರಾಮಾಣಿಕರಾದರು' ಎಂಬ ಮಾತು ಈ ತಾಳ್ಮೆಯನ್ನು ಕಾಣುವುದಿಲ್ಲ. ಬಳಲಿದವರು ತಾವಾಗಿಯೇ ಸತ್ಯ ಹೇಳಿಬಿಡುತ್ತಾರೆ ಎಂಬ ಹಾಗೆ ಅದು ಯೋಚಿಸುತ್ತದೆ. ಬಳಲಿದವರು ಸಾಮಾನ್ಯವಾಗಿ ಹೇಳುವುದು ಸತ್ಯವನ್ನಲ್ಲ, ರೂಢಿಯ ಮಾತನ್ನು.

ಆದರೆ ರೂಢಿಯ ಮಾತನ್ನೂ ಕೀಳಾಗಿ ಕಾಣಬೇಕಿಲ್ಲ. ಒಂದೇ ಟೇಕ್‌ನಲ್ಲಿ ಮುಗಿದ 'ರಾಕ್ ಅಂಡ್ ರೋಲ್ ಮ್ಯೂಸಿಕ್' ಕೇಳಿ ನೋಡಿ. ಲೆನನ್ ಅದನ್ನು ಹಾಡುವ ಬಿರುಸಿನಲ್ಲಿ ಎಲ್ಲಿಯೂ ಹುಡುಕಾಟವಿಲ್ಲ. 1960ರಿಂದ 1962ರ ನಡುವೆ ಜರ್ಮನಿಯ ಹ್ಯಾಂಬರ್ಗ್ ಪಟ್ಟಣದ ಕ್ಲಬ್ಬುಗಳಲ್ಲಿ ರಾತ್ರಿಗಟ್ಟಲೆ ಇಂಥ ಹಾಡುಗಳನ್ನೇ ಹಾಡಿ ಹಾಡಿ ಪಳಗಿದ ಕೊರಳದು. ಸ್ಟುಡಿಯೋದ ಗಡಿಯಾರದಲ್ಲಿ ಅದಕ್ಕೆ ಎರಡೂವರೆ ನಿಮಿಷ ಹಿಡಿದಿರಬಹುದು, ನಿಜವಾಗಿ ಹಿಡಿದದ್ದು ವರ್ಷಗಳು. 'ಐ'ಲ್ ಫಾಲೋ ದ ಸನ್' ಕೂಡ ಅಂದೇ ಆದದ್ದು. ಅದನ್ನು ಮೆಕಾರ್ಟ್ನಿ ಹದಿಹರೆಯದಲ್ಲೇ, ತಂಡಕ್ಕೆ ಹೆಸರು ಬರುವ ಎಷ್ಟೋ ಮೊದಲು ಕಟ್ಟಿಕೊಂಡಿದ್ದರು.

ಕೊಯ್ಲಿನಲ್ಲಿ ಪಳಗಿದ ಕೈಯನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಒಂದು ಗೊಂಚಲಿನಲ್ಲಿ ಹಣ್ಣೂ ಇರುತ್ತದೆ, ದೋರೆಯೂ ಇರುತ್ತದೆ, ಹಸಿರು ಕಾಯಿಯೂ ಇರುತ್ತದೆ. ಪಳಗಿದ ಬೆರಳು ಹಣ್ಣನ್ನಷ್ಟೇ ಬಿಡಿಸಿ ಉಳಿದದ್ದನ್ನು ಮುಂದಿನ ಸುತ್ತಿಗೆ ಬಿಡುತ್ತದೆ, ಅದೂ ಕಣ್ಣೆವೆ ಇಕ್ಕುವುದರೊಳಗೆ. ಹೊಸಬರು ಅದೇ ವೇಗದಲ್ಲಿ ಕೊಯ್ಯಹೋದರೆ ಕಾಯಿ, ಎಲೆ, ತೊಟ್ಟು ಎಲ್ಲವೂ ಕೈಗೆ ಬರುತ್ತದೆ. ಗೆಣ್ಣು ಗಾಯವಾಗಿ ಬರುವ ವರ್ಷದ ಹೂವಿಗೂ ಪೆಟ್ಟು ಬೀಳುತ್ತದೆ. ದೂರದಿಂದ ನೋಡುವವರಿಗೆ ಎರಡೂ ಅವಸರವೇ. ಹತ್ತಿರದಿಂದ ಒಂದು ವೇಗ, ಇನ್ನೊಂದು ತರಾತುರಿ. ಎರಡಕ್ಕೂ ಒಂದೇ ಹೆಸರು ಕೊಡುವುದು ಆ ಕೈಗೆ ಮಾಡುವ ಅನ್ಯಾಯ.

ಹಾಗೆಂದು ಈ ಆಲ್ಬಮ್ಮಿನ ಎಲ್ಲವನ್ನೂ ಎತ್ತಿ ಹಿಡಿಯಬೇಕಿಲ್ಲ. 'ಮಿಸ್ಟರ್ ಮೂನ್‌ಲೈಟ್' ನನಗೆ ಇಂದಿಗೂ ಸಹಿಸಲಾಗದ ಹಾಡು. ತಮಾಷೆಯೆಂದರೆ, ಅದಕ್ಕೆ ಸಮಯ ಸಿಗಲಿಲ್ಲ ಎನ್ನುವಂತಿಲ್ಲ. ಆಗಸ್ಟ್ 14ರಂದು ಒಮ್ಮೆ ಮುದ್ರಿಸಿ, ಸರಿಬರಲಿಲ್ಲವೆಂದು ಅಕ್ಟೋಬರ್ 18ರಂದು ಮತ್ತೆ ಮುದ್ರಿಸಿದರು. ಆಗಸ್ಟ್ 14ರಂದೇ ಅವರು ಹಾಡಿದ್ದ 'ಲೀವ್ ಮೈ ಕಿಟನ್ ಅಲೋನ್' ಎಂಬ ಹುರುಪಿನ ಹಾಡನ್ನು ಆಲ್ಬಮ್ಮಿನಿಂದ ಕೈಬಿಟ್ಟರು. ಅದು ಅಧಿಕೃತವಾಗಿ ಹೊರಬರಲು 1995 ಬರಬೇಕಾಯಿತು. ಆರಿಸುವ ವಿವೇಕವೂ ದಣಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇಲ್ಲಿಯವರೆಗೆ ಹೇಳಿದ್ದು ಹಾಡುಗಳ ನ್ಯಾಯ. ಕೇಳುವವರ ನ್ಯಾಯ ಇನ್ನೂ ಉಳಿದಿದೆ. ಅದಕ್ಕೆ ನಮ್ಮ ಹತ್ತಿರದ ಒಂದು ಉದಾಹರಣೆ ಕೊಡುತ್ತೇನೆ. ದೀಪಾವಳಿ ಕಳೆದ ಮೇಲೆ ಘಟ್ಟದ ಕೆಳಗಿನ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟರೆ ಮೇ ತಿಂಗಳ ಪತ್ತನಾಜೆಯವರೆಗೆ ಹೆಚ್ಚುಕಡಿಮೆ ದಿನಾ ಆಟ. ಮಲೆನಾಡಿಗೂ ಆ ಮೇಳಗಳು ಬರುತ್ತಿದ್ದವು. ಇಡೀ ರಾತ್ರಿಯ ಆಟ ನೋಡಿದ ಹಿರಿಯರು ಇಂದಿಗೂ ನೆನೆಯುವುದು ಬೆಳಗಿನ ಜಾವದ ಪದ್ಯಗಳನ್ನು. ನಿದ್ದೆಗೆಟ್ಟ ಭಾಗವತರ ಸ್ವಲ್ಪ ಒಡೆದ ಕಂಠ, ಬಣ್ಣ ಕರಗಿದ ವೇಷದ ಮುಖ, ಚೆಂಡೆಯ ಮೇಲೆ ಬೀಳುವ ಮುಂಜಾನೆಯ ಮಂಜು. ಈಚಿನ ವರ್ಷಗಳಲ್ಲಿ ಹಲವು ಮೇಳಗಳು ಕಾಲಮಿತಿಯ ಆಟಕ್ಕೆ ಹೊರಳಿವೆ, ನಡುರಾತ್ರಿಯ ಹೊತ್ತಿಗೆ ಮಂಗಳ ಹಾಡುತ್ತಾರೆ. 'ಆ ಬೆಳಗಿನ ಸೊಗಸೇ ಹೋಯಿತು' ಎಂದು ರಸಿಕರು ಮರುಗುತ್ತಾರೆ. ಅವರ ನೋವು ಸುಳ್ಳಲ್ಲ. ಒಂದು ಕಲೆಯ ಗತಿಯೇ ಬದಲಾಗುವುದು ಸಣ್ಣ ಸಂಗತಿಯೂ ಅಲ್ಲ. ಆದರೆ ಆ ಸೊಗಸಿನ ಬೆಲೆ ಯಾರ ನಿದ್ದೆಯಾಗಿತ್ತು ಎಂದು ಕೇಳಿದರೆ ಆ ಮಾತು ಸ್ವಲ್ಪ ತಗ್ಗುತ್ತದೆ.

ಒಂದೇ ದಿನದಲ್ಲಿ ಎಷ್ಟು ಹಾಡು ಎಂಬ ಲೆಕ್ಕದ ಮೋಹ ನಮ್ಮಲ್ಲೂ ಇದೆ. 1981ರ ಫೆಬ್ರವರಿ 8ರಂದು ಎಸ್.ಪಿ. ಬಾಲಸುಬ್ರಹ್ಮಣ್ಯಂ ಬೆಂಗಳೂರಿನಲ್ಲಿ ಸಂಗೀತ ನಿರ್ದೇಶಕ ಉಪೇಂದ್ರಕುಮಾರ್ ಅವರಿಗಾಗಿ ಒಂದೇ ದಿನ 21 ಹಾಡು ಹಾಡಿದ್ದನ್ನು ನಾವು ಇಂದಿಗೂ ಹೆಮ್ಮೆಯಿಂದ ಹೇಳುತ್ತೇವೆ. ಹೆಮ್ಮೆಪಡಬೇಕಾದ್ದೇ. ಆದರೆ ಆ ಮಾತು ಯಾವಾಗಲೂ ಸಂಖ್ಯೆಯ ಹತ್ತಿರವೇ ನಿಂತುಬಿಡುತ್ತದೆ. ಆ ಇಪ್ಪತ್ತೊಂದರಲ್ಲಿ ನಿಮಗೆ ಪ್ರಿಯವಾದದ್ದು ಯಾವುದು, ಇಪ್ಪತ್ತೊಂದನೆಯದನ್ನು ಹಾಡುವಾಗ ಗಂಟಲು ಹೇಗಿದ್ದಿರಬಹುದು ಎಂದು ಯಾರೂ ಕೇಳುವುದಿಲ್ಲ. ಒಂದು ಕಡೆ ದಣಿವನ್ನು ಪವಾಡವೆಂದು ಮೆಚ್ಚುತ್ತೇವೆ, ಇನ್ನೊಂದು ಕಡೆ ಅದನ್ನೇ ಪ್ರಾಮಾಣಿಕತೆ ಎಂದು ಮೆಚ್ಚುತ್ತೇವೆ. ಎರಡರಲ್ಲೂ ದಣಿದವರನ್ನು ಮಾತಾಡಿಸುವುದಿಲ್ಲ.

ನನಗೆ ಒಮ್ಮೆ ಮಾತಾಡಿಸುವ ಅವಕಾಶ ಸಿಕ್ಕಿತ್ತು. ಒಂದು ಜನವರಿಯ ಸಂಜೆ, ನಮ್ಮ ಪಕ್ಕದ ತೋಟದ ಕಣದಲ್ಲಿ ಹಣ್ಣು ತೂಕಕ್ಕೆ ಹಾಕಲು ಸಾಲು ನಿಂತಿತ್ತು. ತೂಗುವ ರೈಟರು ಇನ್ನೂ ಬಂದಿರಲಿಲ್ಲ. ಸಾಲಿನಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ಮೂಟೆಗೆ ಒರಗಿಕೊಂಡು ಸೋಬಾನೆಯ ಒಂದು ಪದವನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು. ಮದುವೆ ಮನೆಯಲ್ಲಿ ನಾಲ್ಕಾರು ಕೊರಳು ಸೇರಿ ಎತ್ತಿ ಹೇಳುವ ಪದ ಅದು. ಇಲ್ಲಿ ಒಂದೇ ಕೊರಳಿನಲ್ಲಿ, ಉಸಿರು ಕಟ್ಟಿ ಕಟ್ಟಿ ಬರುತ್ತಿತ್ತು. ಕೇಳಿ, ಒಪ್ಪಿಸಿ, ಫೋನಿನಲ್ಲಿ ಹಿಡಿದುಕೊಂಡೆ. ಆಮೇಲೆ ಅವರಿಗೇ ಕೇಳಿಸಿದೆ. ಅವರು ಮುಖ ಸಿಂಡರಿಸಿದರು.

"ಅಯ್ಯೋ, ಇದೇನಣ್ಣ, ನಾಯಿ ಕುಯ್ಗುಟ್ಟಿದಂಗೈತೆ. ಬೆಳಗ್ಗಿಂದ ಬಗ್ಗಿ ಬಗ್ಗಿ ಉಸ್ರೇ ಇರ್ಲಿಲ್ಲ. ಇದ್ನ ಅಳಿಸಾಕಿ. ಕೊಯ್ಲು ಮುಗೀಲಿ, ಒಂದಿನ ತಲೆಗೆ ನೀರಾಕ್ಕಂಡು ಕೂತ್ಕಂಡು ಚೆಂದಾಗಿ ಹೇಳ್ಕೊಡ್ತೀನಿ."

"ಇದೇ ಚೆನ್ನಾಗೈತಲ್ಲ ಅಕ್ಕ," ಎಂದೆ.

"ನಿಮಗೆ ಚೆನ್ನಾಗಿರ್ತೈತೆ ಬಿಡಿ," ಎಂದು ಅವರು ಮೂಟೆಯನ್ನು ಒಂದು ಹೆಜ್ಜೆ ಮುಂದಕ್ಕೆಳೆದರು. ಅವರೆದುರೇ ಅದನ್ನು ಅಳಿಸಿದೆ.

ಸೌಂದರ್ಯ ಮೀಮಾಂಸೆಯ ಬಗ್ಗೆ ನಾನು ಓದಿದ ಎಷ್ಟೋ ಪುಟಗಳಿಗಿಂತ ಆ ಮೂರು ಪದಗಳು ಹರಿತವಾಗಿದ್ದವು. ನನ್ನ ಕಿವಿಗೆ ಆಪ್ತವೆನಿಸಿದ್ದು ಅವರ ಕಿವಿಗೆ ಕೊರತೆ. ಅವರು ತಮ್ಮ ಹಾಡನ್ನು ತಮ್ಮ ಒಳ್ಳೆಯ ದಿನದಿಂದ ಅಳೆಯಬೇಕೆಂದು ಬಯಸಿದರು. ನಾನು ಅದನ್ನು ಅವರ ಕೆಟ್ಟ ದಿನದಿಂದ ಪ್ರೀತಿಸಿದೆ. ಇಬ್ಬರಲ್ಲಿ ಯಾರ ಮಾತು ನಡೆಯಬೇಕು? ಹಾಡು ಹೊರಬಿದ್ದ ಮೇಲೆ ಕೇಳುವವರದ್ದು ಎನ್ನುವ ವಾದವೊಂದಿದೆ. ಅಚ್ಚಾದ ಪುಸ್ತಕದ ಮಟ್ಟಿಗೆ ಅದನ್ನು ನಾನೂ ಒಪ್ಪುತ್ತೇನೆ. ಆದರೆ ತೂಕದ ಸಾಲಿನಲ್ಲಿ ನಿಂತವರು ಏನನ್ನೂ ಹೊರಡಿಸಿರಲಿಲ್ಲ. ತಮ್ಮಷ್ಟಕ್ಕೆ ತಾವು ಕಾಲ ಕಳೆಯುತ್ತಿದ್ದರು.

ಬೀಟಲ್ಸ್ ವಿಷಯದಲ್ಲಿ ಇದೇ ಮುಖ್ಯ ವ್ಯತ್ಯಾಸ. ಅವರ ದಣಿವು ಯಾರೋ ಕದ್ದು ಕೇಳಿದ್ದಲ್ಲ. ನಗದ ಮುಖಗಳ ಫೋಟೋ ಮೇಲೆ 'ಮಾರಾಟಕ್ಕಿದೆ' ಎಂದು ಬರೆದು, ಸೋಲಿನ ಹಾಡನ್ನು ಎರಡನೆಯದಾಗಿಟ್ಟು, ಅದನ್ನು ಜಗತ್ತಿನ ಮುಂದೆ ಹಿಡಿದರು. 'ಬೇಬೀಸ್ ಇನ್ ಬ್ಲ್ಯಾಕ್' ಅನ್ನು 1966ರವರೆಗೂ ತಮ್ಮ ಕಾರ್ಯಕ್ರಮಗಳಲ್ಲಿ ಹಾಡಿದರು, ಕಿರುಚುವ ಸಾವಿರಾರು ಜನರ ಎದುರು. ಕ್ರಿಸ್‌ಮಸ್ ಉಡುಗೊರೆಯಾಗಿ ಮಕ್ಕಳ ಕೈಸೇರಬೇಕಾದ ಸರಕಿನ ಮೊದಲ ಮೂರು ಹಾಡುಗಳೂ ದುಃಖದವು ಎಂಬುದು ಆಕಸ್ಮಿಕವಲ್ಲ, ಅದೊಂದು ಆಯ್ಕೆ. ಅಮೆರಿಕದಲ್ಲಿ ಆ ಆಯ್ಕೆಯೂ ಉಳಿಯಲಿಲ್ಲ. ಅಲ್ಲಿನ ಕಂಪನಿ ಈ 14 ಹಾಡುಗಳಲ್ಲಿ 8ನ್ನು ಒಂದು ಆಲ್ಬಮ್ಮಿಗೂ ಉಳಿದ 6ನ್ನು ಇನ್ನೊಂದಕ್ಕೂ ಹಂಚಿತು, ಹೆಸರನ್ನೂ ಬಿಟ್ಟಿತು. ಈ ಆಲ್ಬಮ್ ಇದ್ದ ಹಾಗೆಯೇ ಅಲ್ಲಿಗೆ ಬಂದದ್ದು 1987ರಲ್ಲಿ, ಸಿಡಿ ರೂಪದಲ್ಲಿ.

ಇಲ್ಲೊಂದು ಆಕ್ಷೇಪ ಬರಬೇಕು, ಬರಲಿ. ಹಣ, ಕೀರ್ತಿ, ವಯಸ್ಸು ಮೂರೂ ಇದ್ದ ನಾಲ್ವರು ಹುಡುಗರ ಬಳಲಿಕೆಯನ್ನು ಕೊಯ್ಲಿನ ಹೆಂಗಸರ ಬಳಲಿಕೆಯ ಪಕ್ಕದಲ್ಲಿ ಇಡುವುದು ಸರಿಯೇ? ತೂಗಿ ನೋಡುವುದಾದರೆ ಸರಿಯಲ್ಲ, ತಕ್ಕಡಿ ಒಂದೇ ಕಡೆ ವಾಲುತ್ತದೆ. ನಾನು ತೂಗುತ್ತಿಲ್ಲ. ಯಾವ ದಣಿವಿಗೆ ದನಿ ಇದೆ, ಯಾವುದಕ್ಕಿಲ್ಲ ಎಂದಷ್ಟೇ ಕೇಳುತ್ತಿದ್ದೇನೆ. ಹಾಡುಗಾರನ ಬಳಲಿಕೆ ಟೇಪಿನ ಮೇಲೆ ಉಳಿಯುತ್ತದೆ, ಅರವತ್ತು ವರ್ಷಗಳ ಮೇಲೂ ಅದನ್ನು ಕೇಳಿ ಪ್ರಬಂಧ ಬರೆಯಬಹುದು. ಕೊಯ್ದವರ ಬಳಲಿಕೆ ಹಾಗಲ್ಲ. ಪಲ್ಪರಿನಲ್ಲಿ ಸಿಪ್ಪೆ ಹೋಗುತ್ತದೆ, ನೀರಿನಲ್ಲಿ ಲೋಳೆ ಹೋಗುತ್ತದೆ, ಕಣದಲ್ಲಿ ಒಣಗಿ, ಮೂಟೆ ಸೇರಿ, ಲಾರಿ ಏರಿ ಹೋಗುತ್ತದೆ. ಬೆಂಗಳೂರಿನಲ್ಲೋ ಇಟಲಿಯಲ್ಲೋ ಲೋಟ ಎತ್ತಿದವರಿಗೆ ಕಹಿ ಸಿಗುತ್ತದೆ, ಪರಿಮಳ ಸಿಗುತ್ತದೆ, ದಣಿವು ಮಾತ್ರ ಸಿಗುವುದಿಲ್ಲ. ಕಾಫಿಯಲ್ಲಿ ಅದಕ್ಕೆ ರುಚಿಯೇ ಇಲ್ಲ.

ಇದೇ ಆಲ್ಬಮ್ಮಿನಲ್ಲಿ ಅಂಥ ಹೆಸರಿಲ್ಲದ ದಣಿವೊಂದು ಹೇಗೋ ನುಸುಳಿದೆ. 'ಎಯ್ಟ್ ಡೇಸ್ ಎ ವೀಕ್' ಎಂಬ ಶೀರ್ಷಿಕೆ ಹುಟ್ಟಿದ್ದು ಹೇಗೆಂಬುದಕ್ಕೆ ಮೆಕಾರ್ಟ್ನಿ ಹೇಳಿಕೊಂಡಿರುವ ಒಂದು ವಿವರ ಹೀಗಿದೆ: ಲೆನನ್ ಮನೆಗೆ ಹೋಗುವಾಗ ಕಾರು ನಡೆಸುತ್ತಿದ್ದ ಚಾಲಕನನ್ನು ಕೆಲಸ ಜೋರಿದೆಯೇ ಎಂದು ಕೇಳಿದರಂತೆ, ವಾರಕ್ಕೆ ಎಂಟು ದಿನ ದುಡಿಯುತ್ತಿರುವುದಾಗಿ ಆತ ಹೇಳಿದನಂತೆ. ಆ ಮಾತು ಪ್ರೇಮದ ಹಾಡಾಯಿತು, ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ವಾರಕ್ಕೆ ಏಳು ದಿನ ಸಾಲದಷ್ಟು ಪ್ರೀತಿ ಎಂದು ನಾವು ತಲೆದೂಗುತ್ತೇವೆ. ಏಳು ದಿನ ಸಾಲದಷ್ಟು ದುಡಿದವನ ಹೆಸರು ಆ ಕಥೆಯಲ್ಲಿ ಇಲ್ಲ. ಆ ವರ್ಷ ಹಾಗೆಯೇ ದುಡಿಯುತ್ತಿದ್ದ ಒಬ್ಬನ ಕಿವಿಗೇ ಆ ಮಾತು ಬಿದ್ದು, ಅಲ್ಲೇ ಉಳಿಯಿತು ಎಂಬುದು ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ.

ಹಾಗಾದರೆ ದಣಿದ ದನಿಯನ್ನು ಕೇಳುವುದು ಹೇಗೆ? ನನಗೆ ತೋಚುವುದು ಇಷ್ಟು. ಕೃತಿಯ ಬಗ್ಗೆ ಒಂದು ತೀರ್ಪು ಇರಲಿ, ಅದು ಹುಟ್ಟಿದ ಪರಿಸ್ಥಿತಿಯ ಬಗ್ಗೆ ಬೇರೆಯೇ ಒಂದು ತೀರ್ಪು ಇರಲಿ. ಒಂದನ್ನು ತಂದು ಇನ್ನೊಂದಕ್ಕೆ ಜಾಮೀನು ನಿಲ್ಲಿಸಬಾರದು. 'ಹಾಡು ಚೆನ್ನಾಗಿದೆ, ಆದ್ದರಿಂದ ಅವಸರವೂ ಒಳ್ಳೆಯದೇ ಆಯಿತು' ಎನ್ನಬಾರದು. 'ಪಾಪ ದಣಿದಿದ್ದರು, ಆದ್ದರಿಂದ ಮಿಸ್ಟರ್ ಮೂನ್‌ಲೈಟೂ ಪರವಾಗಿಲ್ಲ' ಎಂದೂ ಅನ್ನಬಾರದು. ಮೊದಲನೆಯದು ದಣಿಸಿದವರಿಗೆ ಪ್ರಮಾಣಪತ್ರ, ಎರಡನೆಯದು ದಣಿದವರಿಗೆ ಅವಮಾನ.

ಅವಸರವೇ ಕಲೆಯ ತಾಯಿ ಎನ್ನುವವರಿಗೆ ತಂಡದ ಮುಂದಿನ ವರ್ಷಗಳೇ ಉತ್ತರ ಕೊಡುತ್ತವೆ, ಆದರೆ ಉತ್ತರ ಸರಳವಲ್ಲ. 1965ರ ಡಿಸೆಂಬರ್ 3ರಂದು ಬಂದ 'ರಬ್ಬರ್ ಸೋಲ್' ಕೂಡ ಕ್ರಿಸ್‌ಮಸ್‌ಗಾಗಿ ಸುಮಾರು ನಾಲ್ಕು ವಾರಗಳಲ್ಲಿ ಮಾಡಿ ಮುಗಿಸಿದ್ದೇ. ಅದನ್ನು ಎಲ್ಲರೂ ಮೇರುಕೃತಿ ಎನ್ನುತ್ತಾರೆ. 1968ರ ಆರಂಭದಲ್ಲಿ ಹೃಷಿಕೇಶದ ಆಶ್ರಮದಲ್ಲಿ, ಹೆಚ್ಚೇನೂ ಕೆಲಸವಿಲ್ಲದ ವಾರಗಳಲ್ಲಿ, ಅವರು ಬರೆದ ಹಾಡುಗಳೂ ರಾಶಿಯಷ್ಟಿವೆ. ಅವಸರದಲ್ಲೂ ಬರುತ್ತದೆ, ಬಿಡುವಿನಲ್ಲೂ ಬರುತ್ತದೆ. ಎಲ್ಲಿಂದ ಬರುತ್ತದೆ ಎಂಬುದರ ಗುತ್ತಿಗೆ ಯಾರ ಕೈಯಲ್ಲೂ ಇಲ್ಲ. ಆದ್ದರಿಂದ ಯಾರನ್ನೂ ದಣಿಸಲು ಕಲೆಯ ಹೆಸರು ಹೇಳುವಂತಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿಯೇ ನನ್ನ ಒಳ್ಳೆಯ ಬರವಣಿಗೆ ಬರುವುದು ಎಂದು ನಂಬಿಕೊಂಡ ವಿದ್ಯಾರ್ಥಿಗಳಿಗೂ ಈ ಮಾತು ಸಲ್ಲುತ್ತದೆ. ಆ ರಾತ್ರಿ ಬರೆದದ್ದು ಚೆನ್ನಾಗಿದ್ದರೆ, ಅದಕ್ಕಾಗಿ ಅದರ ಹಿಂದಿನ ನೂರು ರಾತ್ರಿಗಳ ಓದನ್ನು ನೆನೆಯಿರಿ.

ಈ ಆಲ್ಬಮನ್ನು ಇನ್ನೂ ಕೇಳದವರು ಒಮ್ಮೆ 'ರಾಕ್ ಅಂಡ್ ರೋಲ್ ಮ್ಯೂಸಿಕ್' ಕೇಳಿ, ಆಮೇಲೆ 'ಐ ಆಮ್ ಎ ಲೂಸರ್' ಕೇಳಿ. ಎರಡನ್ನೂ ಹಾಡಿದ್ದು ಒಂದೇ ಕೊರಳು. ಒಂದರಲ್ಲಿ ಅದು ಹಳೆಯ ಬಲದ ಮೇಲೆ ನಿಂತಿದೆ, ಇನ್ನೊಂದರಲ್ಲಿ ಆ ಬಲ ಎಷ್ಟು ದಿನ ಎಂದು ತನ್ನನ್ನೇ ಕೇಳಿಕೊಳ್ಳುತ್ತಿದೆ. ಮರುವರ್ಷ ಅದೇ ಕೊರಳು 'ಹೆಲ್ಪ್!' ಎಂದು ಕೂಗಿತು. ಆಗ ಎಲ್ಲರೂ ಅದನ್ನು ಸಿನಿಮಾದ ಉಲ್ಲಾಸದ ಹಾಡೆಂದು ತಿಳಿದು ಕುಣಿದರು. ಅದು ನಿಜವಾಗಿಯೂ ಸಹಾಯದ ಕೂಗಾಗಿತ್ತು ಎಂದು ಲೆನನ್ ಆಮೇಲೆ ಹೇಳಿಕೊಂಡರು.

1966ರ ಆಗಸ್ಟ್ 29ರಂದು ಸ್ಯಾನ್‌ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ ಹಾಡಿದ ಮೇಲೆ ಅವರು ಪ್ರವಾಸ ಹೋಗುವುದನ್ನು ನಿಲ್ಲಿಸಿದರು. ಎರಡು ವರ್ಷಗಳ ಹಿಂದೆ ಹೈಡ್ ಪಾರ್ಕಿನ ಫೋಟೋದಲ್ಲಿ ಮುಖಗಳು ಹೇಳಿದ್ದನ್ನು ಕೊನೆಗೂ ಬಾಯಿ ಹೇಳಿತು: ಸಾಕು. ದಣಿವನ್ನು ಕುರಿತ ಎಲ್ಲ ಹಾಡುಗಳ ಕೊನೆಯ ಪದ ಬಹುಶಃ ಅದೇ. ಆ ಪದವನ್ನು ಹೇಳಿಯೂ ಬದುಕಲು ಸಾಧ್ಯವಿರುವವರು ಕೆಲವರು. ತೂಕದ ಸಾಲಿನಲ್ಲಿ ಮೂಟೆ ಎಳೆದುಕೊಂಡು ನಿಂತವರಿಗೆ, ರೋಬಸ್ಟಾದ ಕೊನೆಯ ಗಿಡ ಮುಗಿಯುವವರೆಗೆ, ಆ ಪದ ಬಾಯಿಗೆ ಬರುವುದಿಲ್ಲ. ಕೊಯ್ಲು ಮುಗಿದ ಮೇಲೆ ತಲೆಗೆ ನೀರು ಹಾಕಿಕೊಂಡು ಹೇಳುವ ಪದಕ್ಕಾಗಿ ಕಾಯುವುದು, ಅದನ್ನೇ ಅವರ ಹಾಡೆಂದು ಒಪ್ಪುವುದು, ಕೇಳುವವರು ಕೊಡಬಹುದಾದ ಸಣ್ಣ ಮರ್ಯಾದೆ.